ಮೊದಲು ಕ್ಯಾಬಿನೆಟ್ ಬಿಚ್ಚಿ, ಆಮೇಲೆ ಗಂಟು

ಗಂಗಾವತಿಯಲ್ಲಿರುವ ಅಕ್ಕನ ಮಗ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಗ್ರಾಫಿಕ್ಸ್ ಕಾರ್ಡ್, 27 ಸಾವಿರ ರೂಪಾಯಿ. ಹಿಂದೆಯೇ ಅವನ ಫೋನು ಬಂತು. "ಮಾಮಾ, ಗೇಮ್ ಒಮ್ಮೆಲೇ ಲ್ಯಾಗ್ ಆಗಾಕತ್ತೈತ್ರಿ. ಕಾರ್ಡ್ ಹಳೇದಾತು, ಬದಲಿ ಮಾಡ್ರಿ ಅಂತಾರ ಅಂಗಡ್ಯಾಗ. ಇಎಂಐ ಮ್ಯಾಲ ಕೊಡ್ತಾರಂತ. ಅಪ್ಪಗ ನೀವ ಒಂದ್ ಮಾತ್ ಹೇಳ್ರಿ." ಭಾವನದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. 27 ಸಾವಿರ ಎಂದರೆ ಅವರ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಹೂಂ ಅನ್ನುವ ಮೊದಲು ಕಣ್ಣಾರೆ ನೋಡೋಣವೆಂದು ಕೊಪ್ಪಳದಿಂದ ಬಸ್ ಹತ್ತಿದೆ.

ಇಂಥ ಚೀಟಿ ಕೈಗೆ ಬಂದಾಗ ಒಂದು ಮಾತು ನೆನಪಿರಬೇಕು. ಕಂಪ್ಯೂಟರಿನ ಚಿಪ್ ವರ್ಷ ಕಳೆದಂತೆ ಸವೆದು ನಿಧಾನವಾಗುವ ವಸ್ತುವಲ್ಲ. ಅದು ಓಡುತ್ತದೆ, ಇಲ್ಲವೇ ಕೆಟ್ಟು ನಿಲ್ಲುತ್ತದೆ. ಹೊಸ ಹೊಸ ಗೇಮ್‌ಗಳು ಭಾರವಾಗುತ್ತ ಹೋಗುವುದು ಬೇರೆ ವಿಷಯ. ಕಳೆದ ವಾರ ಸೆಕೆಂಡಿಗೆ 100 ಫ್ರೇಮ್ ಕೊಡುತ್ತಿದ್ದ ಯಂತ್ರ ಅದೇ ಗೇಮ್‌ನಲ್ಲಿ ಈ ವಾರ 35ಕ್ಕೆ ಇಳಿದಿದ್ದರೆ, ಬಹಳ ಸಲ ಅದನ್ನು ಯಾವುದೋ ಒಂದು ತಡೆ ಹಿಡಿದಿರುತ್ತದೆ. ಆ ತಡೆ ಯಾವುದೆಂದು ಹುಡುಕುವ ಕೆಲಸಕ್ಕೆ ದುಡ್ಡು ಬೇಕಿಲ್ಲ.

ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೇಮ್ ಹಚ್ಚಿಸಿದೆ. ಮೊದಲ ಹತ್ತು ನಿಮಿಷ ಸರಾಗ, ಆಮೇಲೆ ತೊದಲಾಟ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಗ್ರಾಫಿಕ್ಸ್ ಕಾರ್ಡಿನ ಉಷ್ಣತೆ ಕಾಣುತ್ತದೆ. 70 ಡಿಗ್ರಿಯ ಆಸುಪಾಸು ಇತ್ತು, ಅದು ಆರೋಗ್ಯದ ಲಕ್ಷಣ. ಅದೇ ಪುಟದಲ್ಲಿ ಪ್ರೊಸೆಸರ್ ವೇಗ ಮಾತ್ರ 4 ಗಿಗಾಹರ್ಟ್ಸ್ ಹತ್ತಿರವಿದ್ದದ್ದು 2ಕ್ಕಿಂತ ಕೆಳಗೆ ಬಿದ್ದಿತ್ತು. ಪ್ರೊಸೆಸರ್ ಉಷ್ಣತೆಯನ್ನು ಟಾಸ್ಕ್ ಮ್ಯಾನೇಜರ್ ತೋರಿಸುವುದಿಲ್ಲ. ಅದಕ್ಕೆ ಎಚ್‌ಡಬ್ಲ್ಯುಇನ್ಫೊದಂಥ ಪುಕ್ಕಟೆ ತಂತ್ರಾಂಶ ಸಾಕು. ಹಾಕಿ ನೋಡಿದರೆ 99 ಡಿಗ್ರಿ! ಪ್ರೊಸೆಸರ್‌ಗಳು ಸಾಮಾನ್ಯವಾಗಿ 90ರಿಂದ 100 ಡಿಗ್ರಿ ಮುಟ್ಟಿದಾಗ ತಾವು ಸುಟ್ಟುಹೋಗಬಾರದೆಂದು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಆಗ ಎಂಥ ದುಬಾರಿ ಕಾರ್ಡ್ ಹಾಕಿದರೂ ಅದು ಪ್ರೊಸೆಸರ್‌ಗೋಸ್ಕರ ಕಾಯುತ್ತ ಕೂರಬೇಕು. 27 ಸಾವಿರ ಕೊಟ್ಟ ಮೇಲೂ ಗೇಮ್ ತೊದಲುತ್ತಲೇ ಇರುತ್ತಿತ್ತು.

ಕರೆಂಟ್ ತೆಗೆದು ಕ್ಯಾಬಿನೆಟ್‌ನ ಪಕ್ಕದ ತಗಡು ಬಿಚ್ಚಿದೆವು. ಪ್ರೊಸೆಸರ್ ಮೇಲಿನ ಫ್ಯಾನ್ ಅಲ್ಲಿಯವರೆಗೂ ತಿರುಗುತ್ತಲೇ ಇದ್ದದ್ದು ನಿಜ. ಆದರೆ ಫ್ಯಾನಿಗೂ ಅದರ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳಿಗೂ ನಡುವೆ ಕಂಬಳಿ ಹಾಸಿದಂತೆ ಬೂದು ಬಣ್ಣದ ದಪ್ಪ ಪದರ ಕೂತಿತ್ತು. ಬೆರಳಲ್ಲಿ ಹಿಡಿದೆಳೆದರೆ ಇಡಿಯಾಗಿ ಎದ್ದು ಬಂತು. ಬೆಳಕಿಗೆ ಹಿಡಿದರೆ ಅದರೊಳಗೆ ಭತ್ತದ ಹೊಟ್ಟಿನ ಹೊಳೆಯುವ ಚೂರುಗಳು, ತೌಡಿನ ಹುಡಿ, ಹೊಟ್ಟು ಸುಟ್ಟ ಬೂದಿ. ಅಕ್ಕನ ಮನೆ ಮಿಲ್ಲುಗಳ ಸಾಲಿನ ಹಿಂದೆಯೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವಾದ ಊರಿನಲ್ಲಿ ಸುಗ್ಗಿಯ ದಿನಗಳಲ್ಲಿ ಗಾಳಿಯಲ್ಲಿ ಏನು ಹಾರುತ್ತದೋ ಅದನ್ನೇ ಕಂಪ್ಯೂಟರಿನ ಫ್ಯಾನ್ ಒಳಗೆಳೆಯುತ್ತದೆ.

ಬ್ರಶ್ಶಿನಿಂದ ತೆಗೆದು, ಬ್ಲೋವರ್‌ನಿಂದ ಊದಿ, ಪ್ರೊಸೆಸರ್ ಬಿಸಿಯನ್ನು ಆ ಪಟ್ಟಿಗಳಿಗೆ ದಾಟಿಸುವ, ಆದರೆ ಒಣಗಿ ಬಿರುಕು ಬಿಟ್ಟಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು. ಪೇಸ್ಟಿಗೆ 250, ಹಿಂಬದಿಗೆ ಒಂದು ಹೊಸ ಕ್ಯಾಬಿನೆಟ್ ಫ್ಯಾನಿಗೆ 400 ರೂಪಾಯಿ. ಅದೇ ಗೇಮನ್ನು ಅರ್ಧ ಗಂಟೆ ಓಡಿಸಿದೆವು. ಈಗ 74 ಡಿಗ್ರಿ, ಫ್ರೇಮ್ ಮತ್ತೆ 100.

ಧೂಳಿನ ಲೆಕ್ಕ ನಮ್ಮ ಜಿಲ್ಲೆಯಲ್ಲಿ ಊರಿಗೊಂದು. ಕೊಪ್ಪಳದಲ್ಲಿ, ಅದರಲ್ಲೂ ಗಿಣಿಗೇರಾ ಕಡೆ, ಕಾರ್ಖಾನೆಗಳ ಕಪ್ಪು ಹುಡಿ ಮಾಳಿಗೆಯ ಮೇಲೂ ಬೆಳೆಯ ಮೇಲೂ ಕೂರುತ್ತದೆ. ಆ ಹುಡಿಯ ವಿರುದ್ಧವೇ 2025ರ ಫೆಬ್ರವರಿಯಲ್ಲಿ ಊರಿಗೆ ಊರೇ ಬಂದ್ ಮಾಡಿ ಬೀದಿಗಿಳಿಯಿತು. ಜನರ ಶ್ವಾಸಕೋಶದ ಮುಂದೆ ಕಂಪ್ಯೂಟರ್ ದೊಡ್ಡದಲ್ಲ. ಆದರೂ ಇಲ್ಲಿನವರು ಮೂರು ತಿಂಗಳಿಗೊಮ್ಮೆ ಕ್ಯಾಬಿನೆಟ್ ಬಿಚ್ಚಿ ಕೊಡವುವುದು ಒಳ್ಳೆಯದು. ಪಂಕ್ಚರ್ ಅಂಗಡಿಯ ಗಾಳಿಗೆ ಒಡ್ಡುವ ರೂಢಿ ಮಾತ್ರ ಬೇಡ. ಆ ಗಾಳಿಯಲ್ಲಿ ನೀರಿನ ಹನಿ ಇರುತ್ತದೆ, ಒತ್ತಡವೂ ಹೆಚ್ಚು. ಯಾವುದರಿಂದ ಊದಿದರೂ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿಟ್ಟು ಹಿಡಿದುಕೊಳ್ಳಿ.

ಯಲಬುರ್ಗಾದಲ್ಲಿ ಮಾಸ್ತರಿಕೆ ಮಾಡುವ ಗೆಳೆಯನ ಮನೆಯ ಕಥೆ ಬೇರೆ. ದೀಪಾವಳಿಗೆ ಸುಣ್ಣಬಣ್ಣ ಮಾಡಿಸಿ ಮೇಜು ವಾಪಸ್ ಜೋಡಿಸಿದಂದಿನಿಂದ ಮಗನ ಗೇಮ್ ಕುಂಟುತ್ತಿತ್ತು. ಹತ್ತು ನಿಮಿಷದ ನಂತರವಲ್ಲ, ಹಚ್ಚಿದ ಕ್ಷಣದಿಂದಲೇ. ಮಾನಿಟರ್ ವೈರನ್ನು ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚುವ ಬದಲು ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿದ್ದರು. ಪ್ರೊಸೆಸರ್ ಒಳಗೇ ಸಣ್ಣ ಗ್ರಾಫಿಕ್ಸ್ ಇದ್ದರೆ ಆಗಲೂ ಪರದೆಯ ಮೇಲೆ ಚಿತ್ರ ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ವೈರ್ ಬದಲಿಸಿದರೆ ಮುಗಿಯಿತು, ಖರ್ಚು ಸೊನ್ನೆ. ಅಷ್ಟರಲ್ಲಿ ಅವರಿಗೆ ಯಾರೋ ಸ್ಟೆಬಿಲೈಸರ್ ಕೊಳ್ಳಲು ಹೇಳಿದ್ದರು. ವೋಲ್ಟೇಜ್ ತೀರಾ ಇಳಿದರೆ ಡೆಸ್ಕ್‌ಟಾಪ್ ಬಂದ್ ಆಗುತ್ತದೆ, ಇಲ್ಲವೇ ತಾನೇ ರೀಸ್ಟಾರ್ಟ್ ಆಗುತ್ತದೆ. ನಿಧಾನವಾಗಿ ಓಡುವುದು ಅದರ ಲಕ್ಷಣವಲ್ಲ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ಛಾವಣಿಯ ಫ್ಯಾನ್, ಕೂಲರ್ ಕುಂಟಿ ಕೋಣೆ ಕಾಯುತ್ತದೆ, ಕೋಣೆ ಕಾದರೆ ಕಂಪ್ಯೂಟರೂ ಕಾಯುತ್ತದೆ. ತಗಡಿನ ಮನೆಯಾದರೆ ಮಧ್ಯಾಹ್ನದ ಆಟ ಬಿಟ್ಟು ರಾತ್ರಿ ಆಡಿ ನೋಡಿ. ರಾತ್ರಿ ಸರಿಯಿದ್ದರೆ ರೋಗ ಬಿಸಿಯದ್ದೇ.

ಕುಷ್ಟಗಿಯ ಹುಡುಗರು 'ಲ್ಯಾಗ್' ಎಂದಾಗ ನಾನು ಮೊದಲು ಕೇಳುವುದು ಫ್ರೇಮ್ ಇಳಿಯಿತೋ, ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ) ಏರಿತೋ ಎಂದು. ವ್ಯಾಲರಂಟ್‌ನಂಥ ಗೇಮ್‌ನಲ್ಲಿ ಎರಡೂ ಸಂಖ್ಯೆಗಳನ್ನು ಪರದೆಯ ಮೇಲೇ ಇಟ್ಟುಕೊಳ್ಳಬಹುದು. ಅದಕ್ಕೆ ಮುಂಬೈಯಲ್ಲೇ ಸರ್ವರ್ ಇದೆ, ಹಾಗಾಗಿ ದೂರದ ನೆಪ ಹೇಳುವಂತಿಲ್ಲ. ಫ್ರೇಮ್ ಕದಲದೆ ನಿಂತು ಪಿಂಗ್ ಮಾತ್ರ ಜಿಗಿಯುತ್ತಿದ್ದರೆ ದೋಷ ಇಂಟರ್‌ನೆಟ್ಟಿನದು, ಇಲ್ಲವೇ ಎರಡು ಗೋಡೆ ದಾಟಿ ಬರುವ ವೈಫೈಯದು. ಕೆಲವು ನೂರು ರೂಪಾಯಿಯ ಲ್ಯಾನ್ ವೈರ್ ಎಳೆದು ನೋಡಬೇಕಾದ ಕಡೆ ಹೊಸ ರ‍್ಯಾಮ್ ಹಾಕಿಸಿದವರಿದ್ದಾರೆ. ಎಐ ಕಂಪನಿಗಳು ಮೆಮೊರಿಯನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಊಹೆಯ ಮೇಲೆ ಕೊಳ್ಳುವ ಕಾಲ ಇದಲ್ಲ.

ಇನ್ನು ಇಎಂಐ. ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕ್ರೆಡಿಟ್ ಕಾರ್ಡಿನ 'ನೋ ಕಾಸ್ಟ್' ಕಂತಿನಲ್ಲಿ ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಕಳೆದು ತೋರಿಸುತ್ತಾರೆ, ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ನಿಮ್ಮ ತಲೆಗೆ. 27 ಸಾವಿರವನ್ನು ಶೇ 16ರ ದರದಲ್ಲಿ 12 ಕಂತು ಮಾಡಿದರೆ ಆ ತೆರಿಗೆಯೇ ಸುಮಾರು 400 ರೂಪಾಯಿ, ಅದರ ಮೇಲೆ ಪ್ರೊಸೆಸಿಂಗ್ ಶುಲ್ಕ. ಭಾವನ ಮನೆಯ ಇಡೀ ರಿಪೇರಿಗೆ ಆದದ್ದು 650. ಜೊತೆಗೆ ನಗದು ಕೊಟ್ಟರೆ ಸಿಗಬಹುದಾಗಿದ್ದ ರಿಯಾಯಿತಿಯೂ ಕಂತಿನವರಿಗೆ ಹಲವು ಕಡೆ ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಅಗ್ಗಕ್ಕೆ ಸಿಗುತ್ತದೆಂದು ಬೆಂಗಳೂರಿನಿಂದ ತರಿಸುವವರೂ ಇದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ಕರೆನ್ಸಿ ಗಣಿಗಾರಿಕೆಯ ಪದ್ಧತಿ ಕೈಬಿಟ್ಟ ಮೇಲೆ, ಆ ಗಣಿಗಾರಿಕೆಯಲ್ಲಿ ಹಗಲು ರಾತ್ರಿ ಓಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಬಿಲ್ಲೂ ವಾರಂಟಿಯೂ ಇಲ್ಲದ ಕಾರ್ಡನ್ನು ಎಷ್ಟೇ ಅಗ್ಗವಿದ್ದರೂ ಕೊಳ್ಳಬೇಡಿ. ಹೊಸದಕ್ಕೂ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ವ್ಯಾಪಾರಿ ವಾರಂಟಿ ನಿರಾಕರಿಸಿದರೆ 1915 ಗ್ರಾಹಕ ಸಹಾಯವಾಣಿ ಇದೆ, ಕೊಪ್ಪಳದಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಕೆಲವೊಮ್ಮೆ ಕಾರ್ಡೇ ಹೋಗಿರುತ್ತದೆ. ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳು ಕಾಣುವುದು, ಗೇಮ್ ಹಚ್ಚಿದೊಡನೆ ಪರದೆ ಕಪ್ಪಾಗುವುದು ಅದರ ಸೂಚನೆಗಳು. ಆಗ ಕಂಪ್ಯೂಟರನ್ನು ಅಂಗಡಿಗೇ ಒಯ್ಯಿರಿ. ಉಷ್ಣತೆ, ವೇಗ, ಫ್ರೇಮ್ ಮೂರೂ ಸಂಖ್ಯೆಗಳನ್ನು ಬರೆದುಕೊಂಡು ಹೋಗಿ. ಅವರ ಬಳಿಯ ಒಂದು ಕಾರ್ಡನ್ನು ನಿಮ್ಮ ಯಂತ್ರಕ್ಕೇ ಹಾಕಿಸಿ, ನಿಮ್ಮ ಗೇಮನ್ನೇ ಅರ್ಧ ಗಂಟೆ ಓಡಿಸಿ ತೋರಿಸಲು ಕೇಳಿ. ತೋರಿಸಲು ಒಪ್ಪದ ಅಂಗಡಿಗೆ ದುಡ್ಡು ಕೊಡಬೇಡಿ.