ಅಪ್ರೆಂಟಿಸ್ ಮುಗಿಯಿತು, ಪರ್ಮನೆಂಟ್ ಯಾವಾಗ?

ಐಟಿಐ ಮುಗಿಸಿ ಸರ್ಕಾರಿ ಕಾರ್ಖಾನೆಯಲ್ಲೋ ಸಾರಿಗೆ ಡಿಪೋದಲ್ಲೋ ಅಪ್ರೆಂಟಿಸ್ ಆಗಿದ್ದ ಹುಡುಗರು ಹೆಚ್ಚಾಗಿ ಒಂದೇ ಮಾತು ಹಿಡಿದು ಬರುತ್ತಾರೆ: “ಸಾರ್, ಪರ್ಮನೆಂಟ್ ಮಾಡ್ತೀವಿ ಅಂದಿದ್ರು.” ಅಂದವರು ಯಾರು? ಸೂಪರ್‌ವೈಸರ್. ಬರೆದುಕೊಟ್ಟಿದ್ದಾರೆಯೇ? ಇಲ್ಲ.

1961ರ ಅಪ್ರೆಂಟಿಸ್ ಕಾಯ್ದೆಯ ಕಣ್ಣಿಗೆ ನೀವು ನೌಕರರಲ್ಲ, ಕೆಲಸ ಕಲಿಯುವವರು. ತರಬೇತಿಯ ನಂತರ ಅಲ್ಲೇ ದುಡಿಯಬೇಕೆಂಬ ಷರತ್ತು ಒಪ್ಪಂದದಲ್ಲಿದ್ದರೆ ಮಾತ್ರ ಸಂಸ್ಥೆ ಕೆಲಸ ಕೊಡಲೇಬೇಕು. ಆಗ ಬಿಟ್ಟು ಹೋಗುವ ಸ್ವಾತಂತ್ರ್ಯ ನಿಮಗೂ ಇಲ್ಲ. ಷರತ್ತು ಇಲ್ಲದಿದ್ದರೆ? 2014ರ ತಿದ್ದುಪಡಿಯಂತೆ ಪ್ರತಿ ಸಂಸ್ಥೆಗೂ ತನ್ನದೇ ನೇಮಕಾತಿ ನೀತಿ ಇರಬೇಕು. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅದರ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಖಾಲಿ ಹುದ್ದೆ ತುಂಬದೆ ವರ್ಷಕ್ಕೊಂದು ಹೊಸ ಬ್ಯಾಚ್ ತಂದು ಸ್ಟೈಪೆಂಡ್‌ನಲ್ಲೇ ಕೆಲಸ ತೆಗೆಯುವ ಕಚೇರಿಗಳಿಗೆ ಈ ಪ್ರಶ್ನೆ ರುಚಿಸುವುದಿಲ್ಲ. ಕಲಿತ ಕೈಗಳು ಖಾಸಗಿಯವರ ಪಾಲಾದ ಮೇಲೆ ‘ನುರಿತವರು ಸಿಗುತ್ತಿಲ್ಲ’ ಎಂದು ಗೊಣಗುವವರೂ ಇವರೇ.

ಹೆಚ್ಚು ಜನ ಮುಗ್ಗರಿಸುವುದು ಸರ್ಟಿಫಿಕೇಟಿನಲ್ಲಿ. ಕೊನೆಯ ದಿನ ಕಚೇರಿ ಕೊಡುವ ‘ತರಬೇತಿ ಮುಗಿಸಿದ್ದಾರೆ, ನಡತೆ ಉತ್ತಮ’ ಎಂಬ ಪತ್ರವೇ ಸಾಕೆಂದು ಪರೀಕ್ಷೆಗೆ ಕೂರದೆ ಊರಿಗೆ ಹೋಗುತ್ತಾರೆ. ಬೇಕಾದದ್ದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ. ರೈಲ್ವೆಯ ಲೆವೆಲ್-1 ನೇಮಕಾತಿಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಶೇ. 20 ಮೀಸಲಿದೆ. ಆದರೆ ಈ ಪ್ರಮಾಣಪತ್ರ ಇದ್ದವರಿಗೆ ಮಾತ್ರ. ಅದೂ ಹುಬ್ಬಳ್ಳಿ, ಮೈಸೂರು ವರ್ಕ್‌ಶಾಪ್‌ಗಳಂಥ ರೈಲ್ವೆಯದೇ ಘಟಕದಲ್ಲಿ ಕಲಿತವರಿಗೆ. ಬೇರೆ ಕಾರ್ಖಾನೆಯಲ್ಲಿ ಕಲಿತಿದ್ದರೆ ಈ ಕೋಟಾ ನಿಮ್ಮದಲ್ಲ. ಇನ್ನೊಂದು: ಒಪ್ಪಂದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗದಿದ್ದರೆ ಪ್ರಮಾಣಪತ್ರವೇ ಇಲ್ಲ. ಮೊದಲ ತಿಂಗಳಲ್ಲೇ ನೀವೇ ಲಾಗಿನ್ ಆಗಿ ನೋಡಿ. ‘ಆಗುತ್ತೆ ಬಿಡಪ್ಪ’ ಎಂಬ ಗುಮಾಸ್ತರ ಮಾತು ನೋಂದಣಿಯಲ್ಲ. ಕೋಟಾದಲ್ಲಿ ಹಾಕಿಸುತ್ತೇನೆಂದು ದುಡ್ಡು ಕೇಳುವ ಬ್ರೋಕರ್‌ಗೆ ಬಾಗಿಲು ತೋರಿಸಿ. ಕೋಟಾದವರೂ ಪರೀಕ್ಷೆ ಬರೆದೇ ಬರಬೇಕು.

ತಕರಾರಿದ್ದರೆ ಲೇಬರ್ ಕೋರ್ಟಿಗೆ ಓಡಬೇಡಿ. ಕಾರ್ಮಿಕ ಕಾನೂನು ಅಪ್ರೆಂಟಿಸ್‌ಗಳಿಗೆ ಅನ್ವಯಿಸದು. ಇದು ಗೊತ್ತಿದ್ದೂ ಫೀಸು ಪಡೆಯುವ ವಕೀಲರಿದ್ದಾರೆ. ದೂರು ಹೋಗಬೇಕಾದದ್ದು ಅಪ್ರೆಂಟಿಸ್‌ಶಿಪ್ ಅಡ್ವೈಸರ್‌ಗೆ: ಕೇಂದ್ರದ ಸಂಸ್ಥೆಯಾದರೆ ಕೇಂದ್ರದವರಿಗೆ, ರಾಜ್ಯದ್ದಾದರೆ ರಾಜ್ಯದವರಿಗೆ. ಬರಹದಲ್ಲಿ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ 30 ದಿನ.

ವಯಸ್ಸು ಮೀರಿದವರು ಕೂಡಲೇ ಕೈಚೆಲ್ಲಬೇಡಿ. ಉತ್ತರ ಪ್ರದೇಶದ ಸಾರಿಗೆ ನಿಗಮದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್, ಉಳಿದೆಲ್ಲ ಸಮವಾಗಿದ್ದರೆ ಅಪ್ರೆಂಟಿಸ್ ಮುಗಿಸಿದವರಿಗೇ ಆದ್ಯತೆ ಎಂದಿತು. ವಯಸ್ಸಿನ ಸಡಿಲಿಕೆಯ ಬಗ್ಗೆ ನಿಯಮ ಏನೂ ಹೇಳದಿದ್ದರೆ ತರಬೇತಿಯ ಅವಧಿಯಷ್ಟು ಸಡಿಲಿಕೆ ಕೊಡಿ ಎಂದೂ ಹೇಳಿತು. ಸಡಿಲಿಕೆ ಎಷ್ಟೆಂದು ನಿಯಮದಲ್ಲೇ ಬರೆದಿದ್ದರೆ ಅದೇ ಅಂತಿಮ. ಹಾಗಾಗಿ ಅಧಿಸೂಚನೆಯ ವಯಸ್ಸಿನ ಭಾಗ ಪೂರ್ತಿ ಓದಿ, ಸಡಿಲಿಕೆಯನ್ನು ಅರ್ಜಿಯಲ್ಲೇ ಕೇಳಿ.