ಶಸ್ತ್ರಚಿಕಿತ್ಸೆಯಾದ ನಾಯಿಯ ಆರೈಕೆ

ಕಳೆದ ವರ್ಷ ನಮ್ಮ ಮನೆಯ ನಾಯಿ ಕೆಂಪಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು. ಆಗ ನಾನು ಮಾಡಿದ ತಪ್ಪೊಂದರಿಂದ ಕಲಿತ ಪಾಠವನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಚಿಕಿತ್ಸೆಯಲ್ಲಿ ಹೊಟ್ಟೆಯನ್ನು ಕೊಯ್ದು ಅಂಡಾಶಯಗಳನ್ನೂ ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆಯುತ್ತಾರೆ. ಹೊಲಿಗೆಯು ಚರ್ಮಕ್ಕೆ ಮಾತ್ರವಲ್ಲ, ಒಳಗಿನ ಪದರಗಳಿಗೂ ಬೀಳುತ್ತದೆ. ಮೊದಲ ರಾತ್ರಿ ಕೆಂಪಿ ಅರಿವಳಿಕೆಯ ಮಂಪರಿನಲ್ಲಿ ನಡುಗುತ್ತಿತ್ತು, ಬೆಚ್ಚಗೆ ಮಲಗಿಸಿದೆವು. ಎಚ್ಚರವಾದ ಮೇಲೆ ಸ್ವಲ್ಪವೇ ಅನ್ನ ಕೊಟ್ಟೆವು. ನಾಲ್ಕನೆಯ ದಿನ ಬಾಲವಾಡಿಸುತ್ತ ಕುಣಿಯಿತು. ಗುಣವಾಯಿತೆಂದು ಸರಪಣಿ ಬಿಚ್ಚಿದೆ. ಅದು ಬೆಕ್ಕನ್ನಟ್ಟಿ ಗೋಡೆ ಹಾರಿತು. ಸಂಜೆಯ ಹೊತ್ತಿಗೆ ಹೊಲಿಗೆ ಬಿಟ್ಟು ರಕ್ತ ಒಸರುತ್ತಿತ್ತು. ಪಶುವೈದ್ಯರು ಮತ್ತೆ ಹೊಲಿಯುತ್ತ, “ನೋವು ಕಡಮೆಯಾಗಿದೆಯಪ್ಪ, ಗಾಯ ಇನ್ನೂ ಮಾಗಿಲ್ಲ” ಎಂದರು.

ಆದುದರಿಂದ 10ರಿಂದ 14 ದಿನ ಓಟ, ನೆಗೆತ, ಸ್ನಾನ ಕೂಡದು. ಗಾಯವನ್ನು ನೆಕ್ಕದಂತೆ ಕೊರಳಿಗೆ ಲಾಳಿಕೆಯಾಕಾರದ ಪಟ್ಟಿ ಕಟ್ಟಬೇಕು. ದಿನಕ್ಕೆ 2 ಸಲ ಗಾಯವನ್ನು ಪರೀಕ್ಷಿಸಬೇಕು. ರಕ್ತ, ಕೀವು, ದುರ್ವಾಸನೆ ಕಂಡರೆ, ಅಥವಾ ದಿನ ಕಳೆದರೂ ಅನ್ನ ಮುಟ್ಟದಿದ್ದರೆ ವೈದ್ಯರಲ್ಲಿಗೆ ಒಯ್ಯಬೇಕು. ಮನುಷ್ಯರ ನೋವಿನ ಮಾತ್ರೆ ನಾಯಿಗೆ ವಿಷವಾದೀತು, ಅದನ್ನು ಕೊಡಲೇಬಾರದು.

ಕೆಂಪಿ ಈಗ ಆರೋಗ್ಯವಾಗಿದೆ. ಆದರೆ ನನ್ನ ಅವಸರಕ್ಕಾಗಿ ಆ ಮೂಕಪ್ರಾಣಿ ಎರಡು ಸಲ ಸೂಜಿಗೆ ಮೈಯೊಡ್ಡಬೇಕಾಯಿತು.