ಆಸ್ಪತ್ರೆ ಸಿಬ್ಬಂದಿಗೆ ಕ್ಷಯದ ಸೋಂಕು: ಮಾಲೀಕರ ಹೊಣೆ ಮತ್ತು ವೆಚ್ಚದ ಆದ್ಯತೆ

ನಮ್ಮ ಸಂಸ್ಥೆಯ ಸದಸ್ಯರಲ್ಲಿ ನರ್ಸಿಂಗ್ ಹೋಂ, ರೋಗಪತ್ತೆ ಪ್ರಯೋಗಾಲಯ ಹಾಗೂ ಎಕ್ಸ್-ರೇ ಕೇಂದ್ರಗಳನ್ನು ನಡೆಸುವವರು ಸಾಕಷ್ಟು ಮಂದಿ ಇದ್ದಾರೆ. ಕಟ್ಟಡಕ್ಕೂ ಯಂತ್ರೋಪಕರಣಗಳಿಗೂ ತಪ್ಪದೆ ವಿಮೆ ಮಾಡಿಸುವ ಈ ಉದ್ಯಮಿಗಳು, ತಮ್ಮ ಸಿಬ್ಬಂದಿ ದಿನವಿಡೀ ಉಸಿರಾಡುವ ಗಾಳಿಯ ಬಗ್ಗೆ ಯೋಚಿಸುವುದು ಕಡಿಮೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದ್ದಾರೆ. ಅವರಲ್ಲಿ ಅನೇಕರು ರೋಗ ಪತ್ತೆಯಾಗುವ ಮುನ್ನ ಖಾಸಗಿ ಚಿಕಿತ್ಸಾಲಯಗಳಿಗೇ ಮೊದಲು ಬರುತ್ತಾರೆ. ಆದುದರಿಂದ ಸ್ವಾಗತಕಾರಿಣಿ, ದಾದಿ, ಎಕ್ಸ್-ರೇ ತಂತ್ರಜ್ಞ, ಪ್ರಯೋಗಾಲಯ ಸಹಾಯಕ, ಕಸ ಗುಡಿಸುವವರು ಎಲ್ಲರೂ ಸೋಂಕಿನ ಅಪಾಯಕ್ಕೆ ಒಳಗಾಗುತ್ತಾರೆ.

ಕಾನೂನಿನ ಹೊಣೆ

ವೈದ್ಯಕೀಯ ಮತ್ತು ಪ್ರಯೋಗಾಲಯದ ಕೆಲಸದಲ್ಲಿ ತಗಲುವ ಸಾಂಕ್ರಾಮಿಕ ರೋಗಗಳನ್ನು 1923ರ ನೌಕರರ ಪರಿಹಾರ ಕಾಯಿದೆಯ ಮೂರನೇ ಅನುಸೂಚಿಯು ಔದ್ಯೋಗಿಕ ರೋಗಗಳೆಂದು ಪರಿಗಣಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೇ ಅನುಸೂಚಿಯಲ್ಲೂ ಇದೇ ಅಂಶವಿದೆ. ಅಂದರೆ, ಕೆಲಸದ ಸ್ಥಳದಲ್ಲಿ ತಗಲಿದ ಕ್ಷಯವನ್ನು ಕಾನೂನು ಕೆಲಸದಲ್ಲಿ ಸಂಭವಿಸಿದ ಅಪಘಾತಕ್ಕೆ ಸಮನಾಗಿ ಕಾಣುತ್ತದೆ. ಇ.ಎಸ್.ಐ. ವ್ಯಾಪ್ತಿಯಲ್ಲಿರುವ ಅರ್ಹ ನೌಕರರಿಗೆ ವಿಸ್ತೃತ ಅನಾರೋಗ್ಯ ಸೌಲಭ್ಯದಡಿ ವೇತನದ ಶೇ. 80ರಷ್ಟು ದೊರೆಯುವ ರೋಗಗಳ ಪಟ್ಟಿಯಲ್ಲಿ ಕ್ಷಯವೂ ಇದೆ. ಆ ವ್ಯಾಪ್ತಿಗೆ ಬಾರದವರ ಪರಿಹಾರದ ಭಾರ ನೇರವಾಗಿ ಮಾಲೀಕರ ಮೇಲೆ ಬೀಳಬಹುದು. ಗುತ್ತಿಗೆ ಸಿಬ್ಬಂದಿ ತಮ್ಮವರಲ್ಲವೆಂದು ಕೈತೊಳೆದುಕೊಳ್ಳಲೂ ಬರುವುದಿಲ್ಲ.

ಅಪಾಯ ಯಾರಿಂದ?

ಕ್ಷಯರೋಗಿ ಕೆಮ್ಮಿದಾಗ ಹೊರಬೀಳುವ ಅತಿ ಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತವೆ. ರೋಗಿ ಎದ್ದು ಹೋದ ಮೇಲೂ ಅಲ್ಲಿ ಕುಳಿತವರಿಗೆ ಸೋಂಕು ತಗಲಬಹುದು. 1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಆರಂಭವಾದ ರಿಚರ್ಡ್ ರೈಲಿ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ, ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಗಳ ಮೂಲಕ ಗಿನಿ ಹಂದಿಗಳ ಗೂಡುಗಳಿಗೆ ಹರಿಸಲಾಯಿತು. ಗಾಳಿಯಿಂದಲೇ ಸೋಂಕು ಹರಡುತ್ತದೆಂಬುದು ಸಿದ್ಧವಾಯಿತು. ಚಿಕಿತ್ಸೆ ಆರಂಭಿಸಿದ ರೋಗಿಗಳಿಂದ ಸೋಂಕು ಬಹಳ ಕಡಿಮೆಯಾಗುತ್ತದೆಂಬುದೂ ಅಲ್ಲಿ ಕಂಡುಬಂದಿತು. ಆದ್ದರಿಂದ ಹೆಚ್ಚು ಅಪಾಯ ಇರುವುದು ಇನ್ನೂ ಪತ್ತೆಯಾಗದೆ, ಎಲ್ಲರೊಡನೆ ಸರದಿಗಾಗಿ ಕಾಯುತ್ತ ಕೆಮ್ಮುತ್ತಿರುವ ರೋಗಿಯಿಂದ.

ವೆಚ್ಚದ ಸರಿಯಾದ ಕ್ರಮ

ಕೇಂದ್ರ ಆರೋಗ್ಯ ಸಚಿವಾಲಯದ 2010ರ ಮಾರ್ಗಸೂಚಿ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಗಳೆರಡೂ ಸೋಂಕು ನಿಯಂತ್ರಣವನ್ನು ಮೂರು ಹಂತಗಳಾಗಿ ವಿಂಗಡಿಸುತ್ತವೆ: ಆಡಳಿತ ಕ್ರಮ, ಗಾಳಿಯ ವ್ಯವಸ್ಥೆ ಮತ್ತು ವೈಯಕ್ತಿಕ ರಕ್ಷಣೆ. ಅನೇಕ ಸಂಸ್ಥೆಗಳು ಮೂರನೆಯದಾದ ಮಾಸ್ಕ್ ಖರೀದಿಗೆ ಮೊದಲು ಹಣ ವ್ಯಯಿಸುತ್ತವೆ. ಮೊದಲ ಹಂತಕ್ಕೆ ಖರ್ಚು ಅತ್ಯಲ್ಪವಾದರೂ ಪ್ರಯೋಜನ ದೊಡ್ಡದೆಂಬುದನ್ನು ಗಮನಿಸಬೇಕು.

1. ಆಡಳಿತ ಕ್ರಮ: ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಕೆಮ್ಮು ಇದೆಯೇ ಎಂದು ನೋಂದಣಿ ಮೇಜಿನಲ್ಲಿಯೇ ಪ್ರತಿಯೊಬ್ಬರನ್ನೂ ಕೇಳಬೇಕು. ಇದ್ದರೆ ಒಂದು ಸಾಮಾನ್ಯ ಸರ್ಜಿಕಲ್ ಮಾಸ್ಕ್ ಕೊಟ್ಟು, ತೆರೆದ ಜಗಲಿಯಲ್ಲಿ ಕೂರಿಸಿ, ಸರದಿ ಮುರಿದು ಬೇಗನೆ ವೈದ್ಯರ ಬಳಿಗೆ ಕಳುಹಿಸಬೇಕು. ಕಫದ ಮಾದರಿಯನ್ನು ಶೌಚಾಲಯದಲ್ಲಾಗಲಿ ಪ್ರಯೋಗಾಲಯದೊಳಗಾಗಲಿ ಪಡೆಯದೆ, ಬಯಲಿನಲ್ಲಿ ಜನಸಂಚಾರವಿಲ್ಲದ ಕಡೆ ಪಡೆಯಬೇಕು.

2. ಗಾಳಿಯ ವ್ಯವಸ್ಥೆ: ಕೋಣೆಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆಂಬ ಲೆಕ್ಕ ಸುಲಭ. ಹತ್ತು ಅಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ 1,000 ಘನ ಅಡಿ ಗಾಳಿ ಇರುತ್ತದೆ. ನಿಮಿಷಕ್ಕೆ 200 ಘನ ಅಡಿ ಗಾಳಿಯನ್ನು ಹೊರದೂಡುವ ಎಕ್ಸಾಸ್ಟ್ ಫ್ಯಾನ್ ಗಂಟೆಗೆ 12,000 ಘನ ಅಡಿ, ಅಂದರೆ 12 ಸಲ ಗಾಳಿ ಬದಲಿಸಿದಂತಾಯಿತು. ಈ ವೇಗದಲ್ಲಿ ಗಾಳಿಯಲ್ಲಿನ ಕಣಗಳ ಶೇ. 99 ಭಾಗ ಸುಮಾರು 23 ನಿಮಿಷಗಳಲ್ಲಿ ಹೊರಹೋಗುತ್ತದೆ; ಗಂಟೆಗೆ ಎರಡೇ ಸಲ ಬದಲಾದರೆ ಅದಕ್ಕೆ 138 ನಿಮಿಷ ಬೇಕು. ಸಾಮಾನ್ಯ ಸ್ಪ್ಲಿಟ್ ಏ.ಸಿ. ಕೋಣೆಯ ಗಾಳಿಯನ್ನೇ ತಂಪುಮಾಡಿ ಮರಳಿಸುತ್ತದೆ. ಹೊರಗಿನ ಗಾಳಿಯನ್ನು ಒಳತರುವುದಿಲ್ಲ. ಪೆರುವಿನ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1950ಕ್ಕೆ ಮೊದಲು ಕಟ್ಟಿದ ಎತ್ತರದ ಛಾವಣಿ, ದೊಡ್ಡ ಕಿಟಕಿಗಳ ಕೋಣೆಗಳಲ್ಲಿ ಹೊಸ ಕಟ್ಟಡಗಳಿಗಿಂತ ಹೆಚ್ಚು ಗಾಳಿಯಾಡುತ್ತಿದ್ದುದು ಕಂಡುಬಂದಿತು. ಹಳೆಯ ಕಟ್ಟಡವನ್ನು ನವೀಕರಿಸುವ ಸದಸ್ಯರು ಕಿಟಕಿ ಮುಚ್ಚಿಸುವ ಮುನ್ನ ಇದನ್ನು ನೆನೆಯುವುದು ಒಳಿತು.

3. ವೈಯಕ್ತಿಕ ರಕ್ಷಣೆ: ಸರ್ಜಿಕಲ್ ಮಾಸ್ಕ್ ರೋಗಿಯ ಬಾಯಿಂದ ಹೊರಬೀಳುವ ಹನಿಗಳನ್ನು ತಡೆಯುತ್ತದೆ, ಧರಿಸಿದ ಸಿಬ್ಬಂದಿಯನ್ನು ಸೂಕ್ಷ್ಮ ಕಣಗಳಿಂದ ಕಾಪಾಡಲಾರದು. ಕಫ ಪಡೆಯುವವರು, ಬ್ರಾಂಕೋಸ್ಕೊಪಿಯಲ್ಲಿ ನೆರವಾಗುವವರು ಮೊದಲಾದವರಿಗೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಅವಶ್ಯ.

ಸಿಬ್ಬಂದಿಗೆ ರೋಗ ಬಂದರೆ

ಕ್ಷಯ ಬಂದ ಉದ್ಯೋಗಿಯನ್ನು ಕೆಲಸದಿಂದ ತೆಗೆಯುವುದು ಅಮಾನವೀಯ. ಸಂಸ್ಥೆಯ ಹಿತಕ್ಕೂ ಮಾರಕ. ಒಬ್ಬರನ್ನು ತೆಗೆದ ಸುದ್ದಿ ಹಬ್ಬಿದರೆ ಮುಂದಿನವರು ಕೆಮ್ಮನ್ನು ಮುಚ್ಚಿಟ್ಟು ಕೆಲಸ ಮಾಡುತ್ತಾರೆ; ಆಗ ಸಹೋದ್ಯೋಗಿಗಳಿಗೂ ರೋಗಿಗಳಿಗೂ ಸೋಂಕು ಹರಡುತ್ತದೆ. ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯ ಆರು ತಿಂಗಳ ಚಿಕಿತ್ಸೆಯಿಂದ ಗುಣವಾಗುತ್ತದೆ. ವೈದ್ಯರು ಸೂಚಿಸಿದಷ್ಟು ದಿನ ವೇತನಸಹಿತ ರಜೆ ಕೊಟ್ಟು, ಅವರ ಒಪ್ಪಿಗೆಯ ಮೇಲೆ ಕೆಲಸಕ್ಕೆ ಮರಳಿಸಿಕೊಳ್ಳಬೇಕು. ರೋಗದ ವಿಷಯವನ್ನು ಗೋಪ್ಯವಾಗಿಡಬೇಕು. ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧ ಉಚಿತ. ಪತ್ತೆಯಾದ ಪ್ರತಿಯೊಂದು ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡುವುದು 2012ರ ಮೇ ತಿಂಗಳಿಂದ ಖಾಸಗಿ ಸಂಸ್ಥೆಗಳಿಗೂ ಕಡ್ಡಾಯವಾಗಿದೆ.

ವರ್ಷಾಂತ್ಯದ ಪರಿಶೀಲನೆ

ಮಾರ್ಚ್ 31ರಂದು ದಾಸ್ತಾನು ಎಣಿಸಲು ಕಟ್ಟಡವನ್ನು ಸುತ್ತುವಾಗ ಇನ್ನೂ ನಾಲ್ಕು ಅಂಶಗಳನ್ನು ನೋಡಿಕೊಳ್ಳಬಹುದು. ಹಳೆಯ ಕಡತಗಳ ಕಟ್ಟು, ಬೀರು, ಔಷಧದ ಪೆಟ್ಟಿಗೆಗಳು ಯಾವ ಕಿಟಕಿಗೆ ಅಡ್ಡವಾಗಿವೆ? ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದೆಯೇ, ಅದರ ಗಾಳಿ ಹೊರಕ್ಕೆ ಹೋಗುತ್ತಿದೆಯೇ ಅಥವಾ ಓಣಿಯಲ್ಲಿ ಕೂತ ರೋಗಿಗಳ ಮೇಲೆ ಬೀಸುತ್ತಿದೆಯೇ? ನೋಂದಣಿ ಮೇಜಿನಲ್ಲಿ ಕೆಮ್ಮಿನ ಪ್ರಶ್ನೆ ಕೇಳಲಾಗುತ್ತಿದೆಯೇ? ಸಿಬ್ಬಂದಿಯ ವಾರ್ಷಿಕ ತಪಾಸಣೆ ಗುತ್ತಿಗೆ ನೌಕರರನ್ನೂ ಒಳಗೊಂಡು ನಡೆದಿದೆಯೇ? ಇವುಗಳಲ್ಲಿ ಮೂರಕ್ಕೆ ಹೊಸ ಬಂಡವಾಳ ಬಹುತೇಕ ಬೇಕಿಲ್ಲ. ಎರಡನೆಯದಕ್ಕೆ ಒಂದು ಫ್ಯಾನಿನ ಬೆಲೆ ಸಾಕು. ಕಿಟಕಿಗೆ ಅಡ್ಡವಾದ ಬೀರುವನ್ನು ಅಂದೇ ಸರಿಸಿಬಿಡಬಹುದು.